ಗಣಕದ ಸರದಿಯಲ್ಲಿ ಕನ್ನಡ ಸಂಶೋಧಕ

‘ಬೃಹತ್ ದತ್ತಾಂಶ ಸಂಶೋಧನೆ’ ಎಂಬ ಮಾತು ಕೇಳಿಬಂದೊಡನೆ ನಮ್ಮ ವಿಶ್ವವಿದ್ಯಾಲಯಗಳ ಕನ್ನಡ ವಿಭಾಗದವರು ಅದು ತಮಗೆ ಸಂಬಂಧಿಸಿದ್ದಲ್ಲವೆಂದು ಪಕ್ಕಕ್ಕೆ ಸರಿಯುತ್ತಾರೆ. ಅವರು ಸರಿದದ್ದು ಸಹಜವೇ ಎಂದು ವಿಜ್ಞಾನ ವಿಭಾಗದವರು ಭಾವಿಸುತ್ತಾರೆ. ಈ ಎರಡು ನಿಲುವುಗಳೂ ಸರಿಯಲ್ಲವೆಂಬುದು ನನ್ನ ಅಭಿಪ್ರಾಯ. ಸಾರ್ವಜನಿಕ ಹಣದಿಂದ ಸ್ಥಾಪಿತವಾದ ಮಹಾಗಣಕಗಳಲ್ಲಿ ಶಾಸನ, ಹಸ್ತಪ್ರತಿ ಮತ್ತು ಹಳಗನ್ನಡ ಕಾವ್ಯಗಳ ಅಭ್ಯಾಸಿಗೂ ನ್ಯಾಯವಾದ ಪಾಲಿದೆ. ಆದರೆ ಆ ಪಾಲನ್ನು ಕೇಳುವ ಮುನ್ನ ನಮ್ಮ ಪಠ್ಯಭಂಡಾರಗಳ ಬಾಗಿಲನ್ನು ನಾವೇ ತೆರೆಯಬೇಕಾಗಿದೆ.

ವಿಷಯ ಹೊಸದಾದ್ದರಿಂದ ಮೊದಲು ವಸ್ತುವಿನ ಪರಿಚಯ ಅಗತ್ಯ. ‘ಕ್ಲಸ್ಟರ್’ ಎಂದರೆ ನೂರಾರು ಗಣಕಗಳನ್ನು ವೇಗದ ಜಾಲದಿಂದ ಬೆಸೆದು ಒಂದೇ ಯಂತ್ರದಂತೆ ದುಡಿಸುವ ವ್ಯವಸ್ಥೆ. ಇದನ್ನು ಬಳಸುವವನು ಯಂತ್ರದ ಮುಂದೆ ಕೂರಬೇಕಾಗಿಲ್ಲ. ತನ್ನ ಕೋಣೆಯಿಂದಲೇ ಪ್ರವೇಶ ಪಡೆದು, ಆಗಬೇಕಾದ ಕೆಲಸವನ್ನು ಬರೆದು ಸರದಿಯಲ್ಲಿ ಇಡುತ್ತಾನೆ. ಯಾರ ಕೆಲಸಕ್ಕೆ ಎಷ್ಟು ಗಣಕಗಳು, ಎಷ್ಟು ಹೊತ್ತು ಎಂಬುದನ್ನು ಸರದಿಯನ್ನು ನಿರ್ವಹಿಸುವ ತಂತ್ರಾಂಶ ತೀರ್ಮಾನಿಸುತ್ತದೆ. ಹಿಂದೆ ಹೆಚ್ಚು ಬಳಸಿದವನ ಸರದಿ ಹಿಂದಕ್ಕೂ ಕಡಿಮೆ ಬಳಸಿದವನ ಸರದಿ ಮುಂದಕ್ಕೂ ಹೋಗುವಂತೆ ಅದಕ್ಕೆ ನಿಯಮ ವಿಧಿಸಬಹುದು. ಆದ್ದರಿಂದ ಹಂಚಿಕೆಯ ಪ್ರಶ್ನೆ ಇಲ್ಲಿ ಯಂತ್ರದ ಒಳಗೇ ಇದೆ. ಆ ನಿಯಮವನ್ನು ಬರೆಯುವ ಸಮಿತಿಯಲ್ಲಿ ಯಾರು ಕೂರುತ್ತಾರೆಂಬುದು ಮುಖ್ಯವಾಗುತ್ತದೆ.

ಭಾರತ ಸರ್ಕಾರವು 2015ರಲ್ಲಿ 4,500 ಕೋಟಿ ರೂಪಾಯಿಗಳ ಅಂದಾಜಿನಲ್ಲಿ ರಾಷ್ಟ್ರೀಯ ಸೂಪರ್‌ಕಂಪ್ಯೂಟಿಂಗ್ ಯೋಜನೆಯನ್ನು ಕೈಗೊಂಡಿತು. ದೇಶದ ವಿದ್ಯಾಸಂಸ್ಥೆಗಳಲ್ಲಿ 70ಕ್ಕೂ ಹೆಚ್ಚು ಇಂಥ ವ್ಯವಸ್ಥೆಗಳನ್ನು ಸ್ಥಾಪಿಸಿ ಅವನ್ನು ರಾಷ್ಟ್ರೀಯ ಜ್ಞಾನಜಾಲದ ಮೂಲಕ ಜೋಡಿಸುವುದು ಅದರ ಉದ್ದೇಶವಾಗಿತ್ತು. ಯೋಜನೆಯನ್ನು ಕಾರ್ಯಗತಗೊಳಿಸಿದ ಎರಡು ಸಂಸ್ಥೆಗಳಲ್ಲಿ ಒಂದು ಪುಣೆಯ ಸಿ-ಡ್ಯಾಕ್, ಇನ್ನೊಂದು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ. 2015ರಲ್ಲಿ ‘ಸಹಸ್ರ-ಟಿ’ ಎಂಬ ಗಣಕವನ್ನು ಸ್ಥಾಪಿಸಿದ್ದ ಈ ಸಂಸ್ಥೆ 2022ರಲ್ಲಿ 3.3 ಪೆಟಾಫ್ಲಾಪ್ ಸಾಮರ್ಥ್ಯದ ‘ಪರಮ್ ಪ್ರವೇಗ’ವನ್ನು ಕಾರ್ಯಾರಂಭಗೊಳಿಸಿತು. ಒಂದು ಪೆಟಾಫ್ಲಾಪ್ ಎಂದರೆ ಸೆಕೆಂಡೊಂದಕ್ಕೆ ಒಂದರ ಮುಂದೆ ಹದಿನೈದು ಸೊನ್ನೆಗಳನ್ನಿಟ್ಟಷ್ಟು ಲೆಕ್ಕ. ಹವಾಮಾನ, ಔಷಧ, ದ್ರವ್ಯವಿಜ್ಞಾನ ಮೊದಲಾದ ಶಾಸ್ತ್ರಗಳಿಗೆ ಇಂಥ ಯಂತ್ರಗಳು ಅನಿವಾರ್ಯವಾಗಿವೆ. ಅದರ ಬಗ್ಗೆ ಯಾರ ತಕರಾರೂ ಇರಲಾರದು.

ನನ್ನ ಪ್ರಶ್ನೆ ಬೇರೆ. ಶಿವಮೊಗ್ಗೆ ತಾಲ್ಲೂಕಿನ ಹೊಳಲೂರಿನಂಥ ಊರಿನಿಂದ ಬಂದು, ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿರುವ ಕುವೆಂಪು ವಿಶ್ವವಿದ್ಯಾಲಯದಲ್ಲಿ ತನ್ನ ಜಿಲ್ಲೆಯ ಶಾಸನಗಳನ್ನು ಕುರಿತು ಪಿಎಚ್.ಡಿ. ಮಾಡಬಯಸುವ ವಿದ್ಯಾರ್ಥಿಗೆ ಈ ಯಂತ್ರದಿಂದ ಏನಾದರೂ ಪ್ರಯೋಜನವುಂಟೆ?

ಉಂಟು. ಬಿ.ಎಲ್. ರೈಸ್ ಅವರು ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಏಳನೆಯ ಮತ್ತು ಎಂಟನೆಯ ಸಂಪುಟಗಳನ್ನು 1902 ಮತ್ತು 1904ರಲ್ಲಿ ಶಿವಮೊಗ್ಗ ಜಿಲ್ಲೆಗೆಂದೇ ಹೊರತಂದರು. ಅಲ್ಲಿ ಶಾಸನಗಳು ತಾಲ್ಲೂಕುವಾರು ಜೋಡಣೆಗೊಂಡಿವೆ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿ, ಬಂದಳಿಕೆಗಳ ಶಾಸನಗಳು ಏಳನೆಯದರಲ್ಲಿವೆ. ಅಂದಿನ ನಗರ ತಾಲ್ಲೂಕಿಗೆ ಸೇರಿದ್ದ ಹುಂಚದವು ಎಂಟನೆಯದರಲ್ಲಿ. ಹುಡುಕುವವನಿಗೆ ಈ ವ್ಯವಸ್ಥೆ ಅನುಕೂಲಕರವೇ. ಆದರೆ ತಾಲ್ಲೂಕಿನ ಗಡಿಗಳನ್ನು ದಾಟಿದ ಸಾಮ್ಯಗಳು ಇದರಲ್ಲಿ ಮರೆಯಾಗುತ್ತವೆ. ಸ್ಯಾದ್ವಾದವನ್ನು ಸ್ತುತಿಸುವ ಮಂಗಳಶ್ಲೋಕ, ಅರಸರ ಬಿರುದಾವಳಿ, ಆಚಾರ್ಯಪರಂಪರೆಯ ಗದ್ಯ, ಕೊನೆಯ ಶಾಪಾಶಯ ಇವು ಊರಿಂದೂರಿಗೆ ಹೇಗೆ ಪಯಣಿಸಿದುವು? ಎಲ್ಲಿ ಒಂದು ವಿಶೇಷಣ ಸೇರಿತು, ಎಲ್ಲಿ ಒಂದು ಬಿಟ್ಟುಹೋಯಿತು? ಒಂದೇ ಲೇಖಕವರ್ಗದ ಕೈವಾಡ ಎಷ್ಟು ಶಾಸನಗಳಲ್ಲಿದೆ? ಇವಕ್ಕೆ ಉತ್ತರ ಬೇಕಾದರೆ ಪ್ರತಿಯೊಂದು ಶಾಸನವನ್ನೂ ಉಳಿದೆಲ್ಲ ಶಾಸನಗಳೊಡನೆ ಹೋಲಿಸಬೇಕು.

ರೈಸ್ ಅವರ ಹನ್ನೆರಡು ಸಂಪುಟಗಳಲ್ಲಿ ಒಂಬತ್ತು ಸಾವಿರಕ್ಕೆ ಸಮೀಪದಷ್ಟು ಶಾಸನಗಳಿವೆ. ಲೆಕ್ಕದ ಸೌಕರ್ಯಕ್ಕಾಗಿ ಹತ್ತು ಸಾವಿರವೆಂದು ಹಿಡಿದರೆ, ಎರಡೆರಡನ್ನು ಜೋಡಿಸಿದಾಗ 4,99,95,000 ಜೋಡಿಗಳಾಗುತ್ತವೆ. ಸ್ಖಾಲಿತ್ಯ, ಸಂಧಿಭೇದ, ಕಾಗುಣಿತಭೇದಗಳನ್ನು ಲೆಕ್ಕಕ್ಕೆ ತೆಗೆದುಕೊಂಡು ಒಂದು ಜೋಡಿಯನ್ನು ಸೂಕ್ಷ್ಮವಾಗಿ ಹೋಲಿಸಲು ಗಣಕಕ್ಕೆ ಒಂದು ಸೆಕೆಂಡು ಬೇಕೆಂದರೂ, ಒಂದೇ ಸಂಸ್ಕಾರಕ ಈ ಕೆಲಸಕ್ಕೆ 578 ದಿನಗಳನ್ನು ತೆಗೆದುಕೊಳ್ಳುತ್ತದೆ. ಸಾವಿರ ಸಂಸ್ಕಾರಕಗಳು ಏಕಕಾಲದಲ್ಲಿ ದುಡಿದರೆ ಹದಿನಾಲ್ಕು ಗಂಟೆಗಳಲ್ಲಿ ಮುಗಿಯುತ್ತದೆ. ಹೋಲಿಕೆಯ ವಿಧಾನವನ್ನು ತಿದ್ದಿ ಮತ್ತೆ ಮತ್ತೆ ನಡೆಸಬೇಕಾದಾಗ ಈ ಅಂತರವೇ ಸಂಶೋಧನೆಯ ಸಾಧ್ಯಾಸಾಧ್ಯತೆಯನ್ನು ನಿರ್ಧರಿಸುತ್ತದೆ.

ಇದರ ಜೊತೆಗೆ ಒಂದು ವಿವೇಕವೂ ನಮಗಿರಬೇಕು. ನಮ್ಮ ಎಲ್ಲ ಕೆಲಸಗಳಿಗೂ ಮಹಾಗಣಕ ಬೇಕಿಲ್ಲ. ಒಂದು ಲಕ್ಷ ಪದ್ಯಗಳನ್ನು, ಪದ್ಯವೊಂದಕ್ಕೆ 200 ಅಕ್ಷರಸಂಕೇತಗಳಂತೆ ಯೂನಿಕೋಡಿನಲ್ಲಿ ಬರೆದಿಟ್ಟರೆ ಆಗುವುದು ಸುಮಾರು 60 ಮೆಗಾಬೈಟ್ ಮಾತ್ರ. ಪದಪ್ರಯೋಗದ ಸೂಚಿ, ಛಂದಸ್ಸಿನ ಗಣವಿಭಾಗ ಮೊದಲಾದವು ಮೇಜಿನ ಮೇಲಿನ ಸಾಧಾರಣ ಗಣಕದಲ್ಲಿಯೇ ನಡೆಯುತ್ತವೆ. ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳನ್ನು ಪದಶೋಧಕ್ಕೆ ಒದಗಿಸಿರುವ ‘ವಚನ ಸಂಚಯ’ ಇದಕ್ಕೆ ಒಳ್ಳೆಯ ನಿದರ್ಶನ. ಭಾರ ಬೀಳುವುದು ಚಿತ್ರಗಳಿಗೆ ಕೈಹಾಕಿದಾಗ. ಇನ್ನೂರು ಗರಿಗಳ ಒಂದು ಓಲೆಪ್ರತಿಯ ಎರಡೂ ಮಗ್ಗುಲುಗಳನ್ನು ಚಿತ್ರವೊಂದಕ್ಕೆ 50 ಮೆಗಾಬೈಟಿನಂತೆ ತೆಗೆದರೆ 20 ಗಿಗಾಬೈಟ್ ಆಗುತ್ತದೆ. ಇಂಥ ಸಾವಿರ ಪ್ರತಿಗಳಾದರೆ 20 ಟೆರಾಬೈಟ್. ಆ ಚಿತ್ರಗಳಿಂದ ಹಳೆಯ ಲಿಪಿಯನ್ನು ಓದಲು ಯಂತ್ರಕ್ಕೆ ಕಲಿಸಬೇಕೆಂದರೆ ಕ್ಲಸ್ಟರ್ ಇಲ್ಲದೆ ಆಗದು. ಬೆಂಗಳೂರಿನ ಮಿಥಿಕ್ ಸೊಸೈಟಿ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿಸುತ್ತಿರುವ ಕಾರ್ಯವನ್ನು ಬಲ್ಲವರಿಗೆ ಈ ದತ್ತಾಂಶದ ಗಾತ್ರವನ್ನು ವಿವರಿಸಬೇಕಾಗಿಲ್ಲ.

ಯಂತ್ರಕ್ಕಿಂತ ಕಠಿನವಾದ ಸಮಸ್ಯೆ ಪಠ್ಯದ್ದು. ನಮ್ಮ ಎಷ್ಟೋ ಗ್ರಂಥಸಂಪಾದನೆಗಳು ಹಳೆಯ ಫಾಂಟುಗಳ ಸಂಕೇತದಲ್ಲಿಯೇ ಉಳಿದಿವೆ. ಕಣ್ಣಿಗೆ ಕನ್ನಡವಾಗಿ ಕಾಣುವ ಆ ಪುಟ ಯಂತ್ರಕ್ಕೆ ಅರ್ಥವಿಲ್ಲದ ಚಿಹ್ನೆಗಳ ರಾಶಿ. ಯೂನಿಕೋಡಿನಲ್ಲಿಯೂ ತೊಡಕುಗಳಿವೆ. ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಅಷ್ಟು ಶ್ರದ್ಧೆಯಿಂದ ವಿವೇಚಿಸಿದ ರೞಕ್ಕೆ ಯೂನಿಕೋಡ್ ಪಟ್ಟಿಯಲ್ಲಿ ‘ಫ’ ಎಂಬ ತಪ್ಪು ಹೆಸರು ಬಿದ್ದಿದೆ. ಒಮ್ಮೆ ಇಟ್ಟ ಹೆಸರನ್ನು ಬದಲಿಸಕೂಡದೆಂಬ ನಿಯಮದಿಂದಾಗಿ ಅದು ಹಾಗೆಯೇ ಉಳಿದು, ಸರಿಯಾದ ಹೆಸರನ್ನು ಪರ್ಯಾಯವಾಗಿ ಪಕ್ಕದಲ್ಲಿ ನಮೂದಿಸಬೇಕಾಯಿತು. ಹೆಸರಿನ ತಪ್ಪಿನಿಂದ ಅಕ್ಷರಕ್ಕೆ ಹಾನಿಯಿಲ್ಲ. ಆದರೆ ಹೊಸಗನ್ನಡದ ಪುಸ್ತಕಗಳಿಂದ ಮಾತ್ರ ಕಲಿತ ಓದುಯಂತ್ರವೊಂದು ೞ, ಱ ಎಂಬ ಎರಡು ಅಕ್ಷರಗಳನ್ನು ಕಂಡಲ್ಲೆಲ್ಲ ಳ, ರ ಎಂದೇ ಓದಿದರೆ, ಭಾಷೆಯ ಕಾಲನಿರ್ಣಯಕ್ಕೆ ನೆರವಾಗುವ ಸಾಕ್ಷ್ಯವೇ ಅಳಿಸಿಹೋಗುತ್ತದೆ. ಪ್ರವೇಗದಿಂದ ಮಾಡಿದ ತಪ್ಪು ನಿಧಾನವಾಗಿ ಮಾಡಿದ ತಪ್ಪಿಗಿಂತ ಅಪಾಯಕಾರಿ. ಆದುದರಿಂದ ಹಳಗನ್ನಡ ಬಲ್ಲವನು ಈ ಕೆಲಸದ ಆರಂಭದಿಂದಲೇ ಇರಬೇಕು. ಕೊನೆಯಲ್ಲಿ ಕರಡು ತಿದ್ದಲು ಕರೆಯುವುದರಿಂದ ಫಲವಿಲ್ಲ.

ಇನ್ನು ಭಂಡಾರಗಳ ಮಾತು. ಷಟ್ಖಂಡಾಗಮದ ಧವಲಾ, ಕಷಾಯಪಾಹುಡದ ಜಯಧವಲಾ ಟೀಕೆಗಳ ಓಲೆಪ್ರತಿಗಳು ಮೂಡುಬಿದಿರೆಯಲ್ಲಿ ಶತಮಾನಗಳ ಕಾಲ ಭದ್ರವಾಗಿದ್ದುವು. ಆ ಭದ್ರತೆಯಿಂದಲೇ ಅವು ಉಳಿದುವೆಂಬುದನ್ನು ಕೃತಜ್ಞತೆಯಿಂದ ನೆನೆಯಬೇಕು. ಆದರೆ ವಿದ್ವಲ್ಲೋಕಕ್ಕೆ ಅವು ನಿಜವಾಗಿ ದೊರೆತದ್ದು ಪ್ರತಿಗಳಾಗಿ ಹೊರಬಂದು, 1939ರಲ್ಲಿ ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಧವಲಾದ ಮೊದಲ ಸಂಪುಟ ಅಚ್ಚಾದ ಮೇಲೆ. ನಮ್ಮ ಪರಂಪರೆಯಲ್ಲಿ ಇದಕ್ಕೆ ಇನ್ನೊಂದು ಮಾದರಿಯೂ ಇದೆ. ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ಸಂಗತಿ ಪ್ರಸಿದ್ಧವಾದುದು. ಆಹಾರ, ಅಭಯ, ಔಷಧಗಳೊಡನೆ ಶಾಸ್ತ್ರವನ್ನೂ ದಾನವೆಂದು ಎಣಿಸಿದ ಧರ್ಮ ನಮ್ಮದು. ಓಲೆಯ ಚಿತ್ರವನ್ನು ತೆಗೆದು ಅದನ್ನೂ ಬೀಗದೊಳಗೆ ಇಡುವುದಾದರೆ ಆ ಎಣಿಕೆಗೆ ಏನು ಅರ್ಥ? ಮಠಗಳು, ವಿಶ್ವವಿದ್ಯಾಲಯಗಳ ಹಸ್ತಪ್ರತಿ ವಿಭಾಗಗಳು, ಪ್ರಕಾಶಕರು ತಮ್ಮಲ್ಲಿರುವ ಪಠ್ಯವನ್ನೂ ಚಿತ್ರವನ್ನೂ ಸಂಶೋಧನೆಗಾಗಿ ಮುಕ್ತವಾಗಿ ಕೊಡದಿದ್ದರೆ ಕ್ಲಸ್ಟರಿನಲ್ಲಿ ಸಿಕ್ಕ ಸರದಿ ಬರಿದೇ ಹೋಗುತ್ತದೆ.

ಎಣಿಕೆಯಿಂದ ಕಾವ್ಯದ ಸ್ವಾರಸ್ಯ ತಿಳಿಯದು ಎಂಬ ಆಕ್ಷೇಪ ಹಳೆಯದು. ಅದು ನಿಜವೂ ಹೌದು. ಆದರೆ ಎಣಿಕೆಯನ್ನು ಶಾಸ್ತ್ರದಿಂದ ಹೊರಗಿಟ್ಟ ಪರಂಪರೆ ನಮ್ಮದಲ್ಲ. ಕ್ರಿ.ಶ. 816ರಲ್ಲಿ ಧವಲಾವನ್ನು ಮುಗಿಸಿದ ವೀರಸೇನಾಚಾರ್ಯರು ‘ಅರ್ಧಚ್ಛೇದ’ವೆಂಬ ಪರಿಕಲ್ಪನೆಯನ್ನು ಬಳಸುತ್ತಾರೆ. ಒಂದು ಸಂಖ್ಯೆಯನ್ನು ಎಷ್ಟು ಸಲ ಅರ್ಧಿಸಬಹುದೆಂಬುದೇ ಅದರ ಅರ್ಧಚ್ಛೇದ. 32ಕ್ಕೆ ಅದು 5. ಇಂದಿನ ಗಣಕಶಾಸ್ತ್ರ ಎರಡರ ಆಧಾರದ ಲಾಗರಿದಮ್ ಎಂದು ಕರೆಯುವುದು ಇದನ್ನೇ. ಪಶ್ಚಿಮದಲ್ಲಿಯೂ ಗಣಕವನ್ನು ಪಠ್ಯಾಧ್ಯಯನಕ್ಕೆ ತಂದ ಮೊದಲಿಗರಲ್ಲೊಬ್ಬರು ರೊಬೆರ್ತೊ ಬೂಸಾ ಎಂಬ ಜೆಸ್ಯೂಟ್ ಪಾದ್ರಿ. ಸಂತ ಥಾಮಸ್ ಅಕ್ವಿನಾಸರ ಗ್ರಂಥಗಳ ಪದಸೂಚಿಗಾಗಿ ಅವರು 1949ರಲ್ಲಿ ಐಬಿಎಂ ಸಂಸ್ಥೆಯ ನೆರವು ಕೇಳಿ, ಮುಂದೆ ಮೂರು ದಶಕಗಳ ಕಾಲ ದುಡಿದರು.

ಯಂತ್ರದ ನಿಜವಾದ ಉಪಕಾರ ನಮ್ಮ ಊಹೆಗಳನ್ನು ಪರೀಕ್ಷೆಗೆ ಒಡ್ಡುವುದರಲ್ಲಿದೆ. 1953ರಲ್ಲಿ ಬೆಳಕಿಗೆ ಬಂದ ‘ಸಿರಿಭೂವಲಯ’ವನ್ನೇ ನೋಡಿ. 1ರಿಂದ 64ರವರೆಗಿನ ಅಂಕಗಳನ್ನು 27 ಸಾಲು, 27 ಕಂಬಗಳ ಚಕ್ರಗಳಲ್ಲಿ ತುಂಬಿದ ಈ ಕೃತಿಯಿಂದ 718 ಭಾಷೆಗಳ ಪಠ್ಯ ಹೊರಡುತ್ತದೆಂಬ ಮಾತಿದೆ. ಅದರ ಕಾಲದ ಬಗ್ಗೆಯೂ ತೀವ್ರ ಭಿನ್ನಾಭಿಪ್ರಾಯಗಳಿವೆ. ಒಂದು ಕ್ರಮದಲ್ಲಿ ಓದಿದಾಗ ಪ್ರಾಕೃತ ಪದವೊಂದು ದೊರೆಯಿತೆಂಬುದರಿಂದ ಏನೂ ಸಿದ್ಧವಾಗದು. ಅಂಕಗಳನ್ನು ಲಕ್ಷಾಂತರ ಸಲ ಕಲಸಿ ಓದಿದರೂ ಅಷ್ಟೇ ಪದಗಳು ಆಕಸ್ಮಿಕವಾಗಿ ದೊರೆಯುತ್ತವೆಯೇ ಎಂದು ನೋಡಬೇಕು. ಆಕಸ್ಮಿಕಕ್ಕಿಂತ ಹೆಚ್ಚು ದೊರೆತರೆ ವಾದಕ್ಕೆ ಬಲ, ಇಲ್ಲವಾದರೆ ಇಲ್ಲ. ಶ್ರದ್ಧೆಯಿಂದಲೋ ಅಶ್ರದ್ಧೆಯಿಂದಲೋ ತೀರ್ಮಾನಿಸುವುದಕ್ಕಿಂತ ಇದು ಗೌರವದ ದಾರಿ.

ಹಾಗಾದರೆ ಆಗಬೇಕಾದುದೇನು? ಸಾರ್ವಜನಿಕ ಕ್ಲಸ್ಟರುಗಳ ಕಾಲಾವಕಾಶದಲ್ಲಿ ಭಾಷೆ, ಇತಿಹಾಸಗಳ ಸಂಶೋಧನೆಗೆ ಒಂದು ನಿಶ್ಚಿತ ಪಾಲನ್ನು, ನೂರಕ್ಕೆ ಮೂರರಷ್ಟನ್ನಾದರೂ, ಮೀಸಲಿಡಬೇಕು. ಅದು ರಾಜ್ಯ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳಿಗೂ ದೊರೆಯಬೇಕು. ಕೆಲಸವನ್ನು ಸರದಿಗೆ ಒಪ್ಪಿಸುವ ಬಗೆಯನ್ನು ಕನ್ನಡದಲ್ಲಿ ತಿಳಿಸಿಕೊಡುವ ಒಬ್ಬ ಸಹಾಯಕ ಪ್ರತಿ ವಿಶ್ವವಿದ್ಯಾಲಯದಲ್ಲಿರಬೇಕು. ಗ್ರಂಥಸಂಪಾದನೆಯ ಪತ್ರಿಕೆಯಲ್ಲಿ ಯೂನಿಕೋಡ್, ಪಾಠಾಂತರಗಳ ಗಣಕೀಯ ಹೋಲಿಕೆ ಎಂಬ ಒಂದು ಘಟಕ ಸೇರಬೇಕು. ಸರ್ಕಾರದ ಅನುದಾನದಿಂದ ಪ್ರಕಟವಾಗುವ ಪ್ರತಿಯೊಂದು ಪ್ರಾಚೀನ ಕೃತಿಯ ಪಠ್ಯವೂ ಯೂನಿಕೋಡಿನಲ್ಲಿ ಸಾರ್ವಜನಿಕವಾಗಿ ಲಭ್ಯವಾಗಬೇಕು. ಈ ನಾಲ್ಕರಲ್ಲಿ ಮೊದಲನೆಯದನ್ನು ಮಾತ್ರ ನಾವು ಅನ್ಯರಿಂದ ಕೇಳಬೇಕಾದದ್ದು. ಕೊನೆಯ ಎರಡಕ್ಕೆ ಕನ್ನಡ ಅಧ್ಯಯನ ಮಂಡಳಿಗಳ ಮತ್ತು ಸಂಪಾದಕರ ನಿರ್ಧಾರವೊಂದೇ ಸಾಕು. ಅದನ್ನು ಬರುವ ಶೈಕ್ಷಣಿಕ ವರ್ಷದಲ್ಲಿಯೇ ಮಾಡಬಹುದು.