ಪರದೇಶ ಪ್ರಯಾಣಕ್ಕೆ ಮುನ್ನ

'ದೇಶ ಸುತ್ತು, ಕೋಶ ಓದು' ಎಂಬುದು ಕನ್ನಡಿಗರ ಬಾಯಲ್ಲಿ ತಲೆಮಾರುಗಳಿಂದ ಉಳಿದು ಬಂದಿರುವ ಮಾತು. ಜ್ಞಾನಾರ್ಜನೆಗೆ ಇವೆರಡೂ ಬೇರೆ ಬೇರೆ ದಾರಿಗಳೆಂದು ಸಾಮಾನ್ಯವಾಗಿ ಇದಕ್ಕೆ ಅರ್ಥ ಹೇಳುವುದುಂಟು. ಆದರೆ ಹೊಟ್ಟೆಪಾಡಿಗಾಗಿ ಕಡಲಾಚೆಗೆ ಹೋಗಬೇಕಾದವನ ಪಾಲಿಗೆ ಇವು ಒಂದೇ ದಾರಿಯ ಎರಡು ಮಜಲುಗಳು. ಅವನು ಮೊದಲು ಕೋಶವನ್ನು ಓದಬೇಕು, ಬಳಿಕ ದೇಶವನ್ನು ಸುತ್ತಬೇಕು. ಈ ಕ್ರಮ ತಪ್ಪಿದರೆ ಪ್ರಯಾಣವೇ ವಿಪತ್ತಾಗಬಹುದು.

ಬೀದರ್ ಜಿಲ್ಲೆಯ ಹುಮನಾಬಾದ್ ದಾರಿಗಳು ಕೂಡುವ ಪಟ್ಟಣ. ಪುಣೆಯಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿಯೂ ಬೀದರಿನಿಂದ ಕಲಬುರಗಿಗೆ ಹೋಗುವ ಹೆದ್ದಾರಿಯೂ ಇಲ್ಲಿ ಸಂಧಿಸುತ್ತವೆ. ತೊಗರಿಯ ಬೆಳೆ ಕೈಕೊಟ್ಟ ವರ್ಷ ಈ ಸೀಮೆಯ ತರುಣರು ಕೆಲಸವನ್ನರಸಿ ಇದೇ ದಾರಿಗಳಲ್ಲಿ ಹೈದರಾಬಾದಿಗೋ ಪುಣೆಗೋ ಹೋಗುತ್ತಾರೆ. ಅವರಲ್ಲಿ ಕೆಲವರು ಚಾಲಕರಾಗಿ, ಗಾರೆ ಕೆಲಸದವರಾಗಿ, ವಿದ್ಯುತ್ ಕೆಲಸದವರಾಗಿ ಅಲ್ಲಿಂದ ಮುಂದಕ್ಕೆ, ಕೊಲ್ಲಿ ರಾಷ್ಟ್ರಗಳವರೆಗೂ ಸಾಗುತ್ತಾರೆ. ಹೋಗುವುದು ತಪ್ಪಲ್ಲ, ಅರಿಯದೆ ಹೋಗುವುದು ತಪ್ಪು.

ಈ ನೆಲಕ್ಕೆ ಪರದೇಶಿಗಳ ಆಗಮನವೂ ಹೊಸತಲ್ಲ. ಸುಮಾರು 1470ರಲ್ಲಿ ರಷ್ಯದ ತ್ವೇರ್ ನಗರದ ವರ್ತಕ ಅಫನಾಸಿ ನಿಕಿತಿನ್ ಬಹಮನಿ ಸುಲ್ತಾನರ ರಾಜಧಾನಿಯಾಗಿದ್ದ ಬೀದರಿಗೆ ಬಂದನು. ದಾರಿಯಲ್ಲಿ ಅಸ್ತ್ರಖಾನಿನ ಬಳಿ ಕಳ್ಳರು ಅವನ ಸರಕನ್ನು ದೋಚಿದರು. ಅವನ ಪುಸ್ತಕಗಳೂ ಹೋದವು. ಆದರೂ ಎದೆಗುಂದದೆ ಅವನು ಹೋರ್ಮುಜಿನಿಂದ ಒಂದು ಕುದುರೆಯನ್ನು ಹಡಗಿನಲ್ಲಿ ತಂದನು. ಜುನ್ನಾರಿನಲ್ಲಿ ಅಲ್ಲಿನ ಅಧಿಕಾರಿ ಆ ಕುದುರೆಯನ್ನೇ ಕಿತ್ತುಕೊಂಡನು. ಪುಣ್ಯವಶಾತ್ ಒಬ್ಬ ಖುರಾಸಾನದವನ ನೆರವಿನಿಂದ ಅದು ಮರಳಿ ದೊರೆಯಿತು. ಕೊನೆಗೆ ಬೀದರಿನಲ್ಲಿ ಕುದುರೆ ಮಾರಾಟವಾಯಿತು. ಆಳಂದದ ಜಾತ್ರೆಯಲ್ಲಿ ಕುದುರೆಗಳ ದೊಡ್ಡ ವ್ಯಾಪಾರ ನಡೆಯುತ್ತಿದ್ದುದನ್ನೂ ಅವನು ಬರೆದಿಟ್ಟಿದ್ದಾನೆ. ಆದರೆ ಅವನ ಬರಹದಲ್ಲಿ ಒಂದು ಕೊರಗೂ ಉಂಟು. ಹಿಂದುಸ್ತಾನದಲ್ಲಿ ರಷ್ಯಕ್ಕೆ ಬೇಕಾದ ಸರಕು ಹೇರಳವಾಗಿದೆಯೆಂದು ಕೆಲವರು ಅವನಿಗೆ ಹೇಳಿದ್ದರು. ಬಂದು ನೋಡಿದರೆ ತನ್ನ ನಾಡಿಗೆ ಒಯ್ಯತಕ್ಕ ಸರಕೇ ಇಲ್ಲ, ಸುಂಕವೋ ವಿಪರೀತ. ನಿಕಿತಿನ್ ಧೈರ್ಯಶಾಲಿ, ಸೂಕ್ಷ್ಮಗ್ರಾಹಿ. ಅವನಿಗೆ ಒದಗಿದ ಕೊರತೆ ಒಂದೇ: ಕಿವಿಗೆ ಬಿದ್ದ ಮಾತನ್ನು ಪರೀಕ್ಷಿಸುವ ಸಾಧನ ಆಗ ಅವನ ಬಳಿ ಇರಲಿಲ್ಲ. ಊರಿಗೆ ಮರಳುವ ಹಾದಿಯಲ್ಲಿಯೇ ಅವನು ತೀರಿಕೊಂಡನು.

ಐನೂರು ವರ್ಷಗಳಿಗೂ ಮಿಗಿಲಾದ ಕಾಲ ಸಂದ ಮೇಲೆ ಅದೇ ಕಥೆ ತಿರುಗುಮುರುಗಾಗಿ ನಡೆಯಿತು. 2023ರ ಕೊನೆಯಲ್ಲಿ ನೆರೆಯ ಕಲಬುರಗಿ ಜಿಲ್ಲೆಯ ಕೆಲವು ತರುಣರು ಕಾವಲು ಸಿಬ್ಬಂದಿಯ ಕೆಲಸ ಸಿಗುವುದೆಂಬ ದಲ್ಲಾಳಿಗಳ ಮಾತನ್ನು ನಂಬಿ ರಷ್ಯಕ್ಕೆ ಹೋದರು. ಅಲ್ಲಿ ತಮಗೆ ಓದಲು ಬಾರದ ರಷ್ಯನ್ ಭಾಷೆಯ ಒಪ್ಪಂದಪತ್ರಕ್ಕೆ ಸಹಿ ಹಾಕಬೇಕಾಯಿತು. ದೊರೆತದ್ದು ಕಾವಲಿನ ಕೆಲಸವಲ್ಲ, ಉಕ್ರೇನಿನ ಯುದ್ಧರಂಗ. ಅವರು ಬದುಕಿ ಮರಳಿದ್ದು 2024ರ ಸೆಪ್ಟೆಂಬರಿನಲ್ಲಿ. ಅವರಂತೆಯೇ ಹೋದ ಇತರ ಭಾರತೀಯರಲ್ಲಿ ಕೆಲವರು ಅಲ್ಲಿಯೇ ಮಡಿದರು. ನಿಕಿತಿನನಿಗೆ ಇಲ್ಲದಿದ್ದ ಸಾಧನಗಳು ಇಂದು ಎಲ್ಲರಿಗೂ ಇವೆ. ಅವನ್ನು ಬಳಸುವ ಅಭ್ಯಾಸ ಮಾತ್ರ ಇನ್ನೂ ಬೆಳೆದಿಲ್ಲ.

ಪರದೇಶಕ್ಕೆ ಹೊರಟವನ ಮನೆಯಲ್ಲಿ ಸಡಗರವೇನೂ ಕಡಿಮೆಯಿರುವುದಿಲ್ಲ. ತಾಯಿ ಖಡಕ್ ರೊಟ್ಟಿ ಬಡಿಯುತ್ತಾಳೆ, ಶೇಂಗಾ ಚಟ್ನಿ ಕುಟ್ಟುತ್ತಾಳೆ. ತಂದೆ ಹೊಸ ಪೆಟ್ಟಿಗೆ ಕೊಳ್ಳುತ್ತಾನೆ. ಆದರೆ ಪೆಟ್ಟಿಗೆ ತುಂಬುವುದಕ್ಕೂ ತಿಳಿವಳಿಕೆ ಬೇಕು. ನಮ್ಮಲ್ಲಿ ಹಬ್ಬದ ಪಾಯಸಕ್ಕೆ ಬಳಸುವ ಗಸಗಸೆಯನ್ನು ಸೌದಿ ಅರೇಬಿಯ, ಸಂಯುಕ್ತ ಅರಬ್ ಸಂಸ್ಥಾನ ಮುಂತಾದ ದೇಶಗಳು ಮಾದಕ ವಸ್ತುವೆಂದು ಪರಿಗಣಿಸಿ ನಿಷೇಧಿಸಿವೆ. ಇಲ್ಲಿ ವೈದ್ಯರು ಬರೆದುಕೊಡುವ ಕೆಲವು ನೋವಿನ ಗುಳಿಗೆಗಳಿಗೂ ಅಲ್ಲಿ ನಿರ್ಬಂಧವಿದೆ. ಯಾವುದನ್ನು ಒಯ್ಯಬಾರದೆಂಬುದನ್ನು ಹೊರಡುವ ಮುನ್ನವೇ ವಿಚಾರಿಸಿಕೊಳ್ಳುವುದು ಲೇಸು.

ಇದಕ್ಕಿಂತ ಮುಖ್ಯವಾದದ್ದು ಕಾಗದಪತ್ರಗಳ ಸಿದ್ಧತೆ. ಪಾಸ್‌ಪೋರ್ಟಿನ ಅವಧಿ ಇನ್ನೂ ಆರು ತಿಂಗಳಾದರೂ ಉಳಿದಿರಬೇಕೆಂದು ಅನೇಕ ದೇಶಗಳು ವಿಧಿಸುತ್ತವೆ. ಹುಮನಾಬಾದಿನಂತಹ ಊರಿನಲ್ಲಿ ಒಂದೇ ಹೆಸರನ್ನು ಕನ್ನಡದಲ್ಲಿ ಒಂದು ಬಗೆಯಾಗಿ, ಉರ್ದುವಿನಲ್ಲಿ ಮತ್ತೊಂದು ಬಗೆಯಾಗಿ, ಇಂಗ್ಲಿಷಿನಲ್ಲಿ ಮೂರು ಬಗೆಯಾಗಿ ಬರೆಯುವ ರೂಢಿಯಿದೆ. ಶಾಲೆಯ ದಾಖಲೆಯಲ್ಲಿರುವ ಹೆಸರಿಗೂ ಪಾಸ್‌ಪೋರ್ಟಿನ ಹೆಸರಿಗೂ ಒಂದಕ್ಷರ ಭೇದವಿದ್ದರೂ ತೊಡಕು ತಪ್ಪದು. ಪ್ರವಾಸಿಯ ವೀಸಾ ಪಡೆದು ಹೋಗಿ ದುಡಿಯುವುದು ಆ ದೇಶಗಳಲ್ಲಿ ಅಪರಾಧ. 'ಹೋದ ಮೇಲೆ ಬದಲಾಯಿಸಿಕೊಳ್ಳಬಹುದು' ಎನ್ನುವ ದಲ್ಲಾಳಿಯ ಮಾತಿಗೆ ಬೆಲೆ ಕೊಡಬಾರದು. ಎಲ್ಲ ಪತ್ರಗಳ ಪ್ರತಿಯೊಂದು ಮನೆಯಲ್ಲಿ ಉಳಿಯಬೇಕು. ಭಾರತೀಯ ರಾಯಭಾರ ಕಚೇರಿಯ ವಿಳಾಸವೂ ದೂರವಾಣಿ ಸಂಖ್ಯೆಯೂ ಹೋಗುವವನ ಕಿಸೆಯಲ್ಲಿರಬೇಕು.

ಸಹಿಯ ವಿಷಯದಲ್ಲಿ ಬೀದರಿನ ಇತಿಹಾಸವೇ ಒಂದು ಪಾಠ ಹೇಳುತ್ತದೆ. ಇರಾನಿನ ಗೀಲಾನಿನಿಂದ ವರ್ತಕನಾಗಿ ಬಂದ ಮಹಮೂದ್ ಗವಾನ್ ತನ್ನ ವಿದ್ವತ್ತಿನಿಂದ ಬಹಮನಿ ರಾಜ್ಯದ ಪ್ರಧಾನಿಯಾದನು. ಬೀದರಿನಲ್ಲಿ ಪ್ರಸಿದ್ಧ ಮದರಸವನ್ನು ಕಟ್ಟಿಸಿದನು. ಅವನ ವೈರಿಗಳು ಖಾಲಿ ಕಾಗದವೊಂದಕ್ಕೆ ಅವನ ಮುದ್ರೆಯನ್ನು ಮೋಸದಿಂದ ಒತ್ತಿಸಿ, ಅದರ ಮೇಲೆ ರಾಜದ್ರೋಹದ ಒಕ್ಕಣೆಯನ್ನು ಬರೆಸಿದರು. 1481ರಲ್ಲಿ ಅವನ ತಲೆದಂಡವಾಯಿತು. ಅಂತಹ ಪಂಡಿತನ ಪ್ರಾಣವನ್ನೇ ತೆಗೆದ ಖಾಲಿ ಕಾಗದ ಬಡ ಕೂಲಿಕಾರನನ್ನು ಬಿಟ್ಟೀತೆ? ಕೆಲಸ ಕೊಡುವವರು ಯಾರು, ಕೆಲಸ ಯಾವುದು, ವೇತನವೆಷ್ಟು, ದುಡಿಮೆಯ ಗಂಟೆಗಳೆಷ್ಟು, ವಸತಿಯೂ ಮರುಪ್ರಯಾಣದ ವೆಚ್ಚವೂ ಯಾರ ಹೊಣೆ ಎಂಬುದೆಲ್ಲ ಒಪ್ಪಂದದಲ್ಲಿ ಇರಲೇಬೇಕು. ಅದನ್ನು ಓದದೆ ಸಹಿ ಮಾಡಲೇಬಾರದು.

ದುಡಿಯಲು ಹೋಗುವವರ ರಕ್ಷಣೆಗೆಂದೇ ಭಾರತ ಸರ್ಕಾರವು 1983ರಲ್ಲಿ ವಲಸೆ ಕಾಯ್ದೆಯನ್ನು ತಂದಿತು. ಅದರನ್ವಯ ವಿದೇಶಿ ಉದ್ಯೋಗ ಕೊಡಿಸುವ ದಲ್ಲಾಳಿ ನೋಂದಣಿ ಪಡೆದಿರಬೇಕು. ನೋಂದಣಿಯ ಸತ್ಯಾಸತ್ಯತೆಯನ್ನು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ಹತ್ತನೆಯ ತರಗತಿ ತೇರ್ಗಡೆಯಾಗದವನು ಕೊಲ್ಲಿ ರಾಷ್ಟ್ರಗಳಂತಹ ಕೆಲವು ಗೊತ್ತುಪಡಿಸಿದ ದೇಶಗಳಿಗೆ ದುಡಿಯಲು ಹೋಗಬೇಕಾದರೆ ವಲಸಿಗರ ರಕ್ಷಣಾಧಿಕಾರಿಯ ಅನುಮತಿ ಪಡೆಯಬೇಕು. ಪ್ರವಾಸಿ ಭಾರತೀಯ ವಿಮಾ ಯೋಜನೆಯ ಮೂಲಕ ಅವನಿಗೆ 10 ಲಕ್ಷ ರೂಪಾಯಿಗಳ ಅಪಘಾತ ವಿಮೆಯ ಆಸರೆಯೂ ದೊರೆಯುತ್ತದೆ. ಕೆಲವರು ಈ ನಿಯಮವನ್ನು ಅಡ್ಡಗಾಲೆಂದು ಬಗೆದು ಕಳ್ಳದಾರಿ ಹುಡುಕುತ್ತಾರೆ. ಅದು ಬೇಲಿಯನ್ನು ಕಿತ್ತೆಸೆದು ಹೊಲಕ್ಕೆ ದನ ನುಗ್ಗಿತೆಂದು ಗೋಳಾಡಿದಂತೆ.

ಹತ್ತನೆಯ ತರಗತಿ ತೇರ್ಗಡೆಯಾದವನಿಗೆ ಈ ಅನುಮತಿಯ ಅಗತ್ಯವಿಲ್ಲ. ಓದಿದವನು ತನ್ನ ಹಿತವನ್ನು ತಾನೇ ನೋಡಿಕೊಳ್ಳಬಲ್ಲನೆಂಬ ನಂಬಿಕೆಯೇ ಇದಕ್ಕೆ ಆಧಾರ. ಆದರೆ ಪ್ರಮಾಣಪತ್ರವನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಒಪ್ಪಂದವನ್ನು ಓದದೆ ಸಹಿ ಮಾಡಿದರೆ ಆ ನಂಬಿಕೆ ಹುಸಿಯಾಗುತ್ತದೆ. ರಷ್ಯವಂತೂ ಅನುಮತಿ ಬೇಕಾದ ದೇಶಗಳ ಪಟ್ಟಿಯಲ್ಲಿಯೇ ಇಲ್ಲ. ಅಂತಹ ಕಡೆಗೆ ಹೋಗುವವನಿಗೆ ಅವನ ವಿವೇಕವೇ ರಕ್ಷಣಾಧಿಕಾರಿ.

ಸಾಲದ ಹೊರೆ ಹೊತ್ತವನಿಗೆ ಇಷ್ಟೆಲ್ಲ ವಿಚಾರಿಸುತ್ತ ಕೂರುವ ವ್ಯವಧಾನವೆಲ್ಲಿ ಎಂದು ಕೆಲವರು ಕೇಳಬಹುದು. ಈ ಪ್ರಶ್ನೆಯಲ್ಲಿ ಸತ್ಯವಿಲ್ಲದಿಲ್ಲ. ಹಸಿವು ಅವಸರ ಪಡಿಸುತ್ತದೆ. ದಲ್ಲಾಳಿಯೂ 'ನಾಳೆಯೇ ವಿಮಾನ' ಎಂದು ಅವಸರ ಪಡಿಸುತ್ತಾನೆ. ಆದರೆ ಒಂದು ವಾರದ ವಿಚಾರಣೆಯಿಂದ ಆಗುವ ನಷ್ಟವು ಹೆಚ್ಚೆಂದರೆ ಒಂದು ವಾರದ ಕೂಲಿ. ವಿಚಾರಿಸದೆ ಹೋದವನು ಹೊಲವನ್ನೂ ಒಡವೆಯನ್ನೂ ಕಳೆದುಕೊಂಡಾನು, ಕೆಲವೊಮ್ಮೆ ಜೀವವನ್ನೂ ಕಳೆದುಕೊಂಡಾನು.

ಅನೇಕ ಮನೆಗಳಲ್ಲಿ ಅಣ್ಣನೋ ಚಿಕ್ಕಪ್ಪನೋ ಪರದೇಶಕ್ಕೆ ಹೊರಟಾಗ ಇಂಗ್ಲಿಷಿನ ನಾಲ್ಕು ಸಾಲನ್ನು ಬಿಡಿಸಿ ಓದಬಲ್ಲವರು ಪ್ರೌಢಶಾಲೆಯ ಹುಡುಗ ಹುಡುಗಿಯರೇ. ಹುಮನಾಬಾದಿನ ಸಂತೆಯಲ್ಲಿ ಕನ್ನಡ, ಉರ್ದು, ಮರಾಠಿ, ತೆಲುಗುಗಳನ್ನು ಕೇಳುತ್ತಲೇ ಬೆಳೆದ ಮಕ್ಕಳಿಗೆ ಇನ್ನೊಂದು ಭಾಷೆ ಹೊರೆಯಾಗದು. ದಲ್ಲಾಳಿ ತಂದ ಕಾಗದವನ್ನು ಅವರು ಸಾಲು ಸಾಲಾಗಿ ಗಟ್ಟಿಯಾಗಿ ಓದಿ ಹೇಳಲಿ. ಅರ್ಥವಾಗದ ಮಾತನ್ನು ಬಲ್ಲವರಲ್ಲಿ ಕೇಳಲಿ. ಅರ್ಥವಾಗುವವರೆಗೆ ಮನೆಯವರು ಸಹಿ ಮಾಡದಂತೆ ತಡೆಯಲಿ. ಶಾಲೆಯಲ್ಲಿ ಕಲಿತ ವಿದ್ಯೆಯಿಂದ ಮನೆಗೆ ಸಲ್ಲಬಹುದಾದ ಸೇವೆಗಳಲ್ಲಿ ಇದಕ್ಕಿಂತ ದೊಡ್ಡದು ವಿರಳ.