ಅರ್ಜಿಯ ಕಾಯುವಿಕೆಯೂ ಪ್ರಯಾಣದ ಹಕ್ಕೂ

ವಿಜ್ಞಾನವು ದೇಶದೇಶಗಳ ನಡುವಣ ಸಂಚಾರದಿಂದಲೂ ಬೆಳೆದಿದೆ. 1921ರಲ್ಲಿ ಸಿ. ವಿ. ರಾಮನ್ನರು ಹಡಗಿನಲ್ಲಿ ಯೂರೋಪಿಗೆ ಹೋಗಿ ಬಂದಾಗ ಮೆಡಿಟರೇನಿಯನ್ ಸಮುದ್ರದ ನೀಲವರ್ಣವು ಅವರ ಮನಸ್ಸನ್ನು ಸೆಳೆಯಿತು. ಬೆಳಕಿನ ಚದರಿಕೆಯನ್ನು ಕುರಿತ ಅವರ ಮುಂದಿನ ಸಂಶೋಧನೆಗೆ ಆ ಪ್ರಯಾಣವು ಪ್ರೇರಣೆಯಾಯಿತೆಂಬುದನ್ನು ವಾಚಕರು ಬಲ್ಲರು. ಇಂದು ಉನ್ನತ ವ್ಯಾಸಂಗಕ್ಕಾಗಿ ಜರ್ಮನಿಗೆ ಹೋಗತಕ್ಕ ನಮ್ಮ ವಿದ್ಯಾರ್ಥಿಗಳಲ್ಲಿ ಕೆಲವರು ನೆರೆರಾಷ್ಟ್ರದ ವಿಜ್ಞಾನ ಸಮ್ಮೇಳನಕ್ಕೆ ಹೋಗಲು ಅಂಜುತ್ತಾರೆ. ಊರಿನಲ್ಲಿ ತಂದೆ ತಾಯಿ ಹಾಸಿಗೆ ಹಿಡಿದರೂ ಹೊರಡಲು ಹಿಂಜರಿಯುತ್ತಾರೆ. ತಾತ್ಕಾಲಿಕ ವಾಸದ ಪರವಾನಗಿ ಇನ್ನೂ ಅವರ ಕೈಸೇರದಿರುವುದೇ ಇದಕ್ಕೆ ಕಾರಣ.

ವಿಷಯವನ್ನು ತುಸು ವಿವರವಾಗಿ ನೋಡೋಣ. ವಿದ್ಯಾರ್ಥಿಯು ಕೆಲವು ತಿಂಗಳುಗಳ ವೀಸಾ ಪಡೆದು ಜರ್ಮನಿಯನ್ನು ಪ್ರವೇಶಿಸುತ್ತಾನೆ. ಅದರ ಅವಧಿ ತೀರುವ ಮುನ್ನವೇ ವಾಸದ ಪರವಾನಗಿಗೆ ಅರ್ಜಿ ಸಲ್ಲಿಸಬೇಕು. ಅರ್ಜಿಯ ತೀರ್ಮಾನ ತಡವಾದರೆ ವೀಸಾ ಮುಗಿದಿರುತ್ತದೆ, ಪರವಾನಗಿಯು ಬಂದಿರುವುದಿಲ್ಲ. ಈ ನಡುಗಾಲಕ್ಕಾಗಿ, 2005ರಿಂದ ಜಾರಿಯಲ್ಲಿರುವ ಜರ್ಮನಿಯ ವಾಸದ ಕಾಯಿದೆಯ 81ನೆಯ ಕಲಮಿನಲ್ಲಿ 'ಫಿಕ್ಟಿಯೋನ್ಸ್‌ಬೆಶೈನಿಗುಂಗ್' ಎಂಬ ಪತ್ರವೊಂದನ್ನು ಏರ್ಪಡಿಸಿದ್ದಾರೆ. ಹಳೆಯ ಅನುಮತಿಯೇ ಮುಂದುವರಿದಿದೆಯೆಂದು ಕಾಯಿದೆಯು ಭಾವಿಸಿಕೊಳ್ಳುವುದರಿಂದ ಇದಕ್ಕೆ ಆ ಹೆಸರು. ಆದರೆ ಈ ಪತ್ರವು ಒಂದೇ ಬಗೆಯದಲ್ಲ. 4ನೆಯ ಉಪಕಲಮಿನ ಪ್ರಕಾರ ಕೊಟ್ಟದ್ದಾದರೆ ಹೊರಗೆ ಹೋಗಿ ಮರಳಿ ಬರಬಹುದು. 3ನೆಯದರ ಪ್ರಕಾರ ಕೊಟ್ಟದ್ದಾದರೆ ದೇಶದೊಳಗೆ ಇರಬಹುದೇ ಹೊರತು, ಅದೊಂದನ್ನೇ ತೋರಿಸಿ ಮರಳಿ ಪ್ರವೇಶಿಸುವಂತಿಲ್ಲ. ಇದಲ್ಲದೆ, 29 ರಾಷ್ಟ್ರಗಳ ಷೆಂಗೆನ್ ಪ್ರದೇಶದ ಗಡಿ ನಿಯಮವು, ಮೊದಲ ಅರ್ಜಿಯ ವಿಚಾರಣೆಯ ಕಾಲದಲ್ಲಿ ಕೊಡುವ ತಾತ್ಕಾಲಿಕ ಪತ್ರಗಳನ್ನು ವಾಸದ ಪರವಾನಗಿಯೆಂದು ಎಣಿಸುವುದಿಲ್ಲ. ಹೀಗಾಗಿ ಜರ್ಮನಿಗೆ ಮರಳಬಲ್ಲವನು ಫ್ರಾನ್ಸಿನ ಗಡಿಯಲ್ಲಿ ತೊಡಕಿಗೆ ಸಿಲುಕಬಹುದು. ಸರಿಯಾದ ಕಾಗದಗಳಿಲ್ಲದವರನ್ನು ಕರೆತಂದ ವಿಮಾನ ಸಂಸ್ಥೆಗೆ ದಂಡ ಬೀಳುವುದರಿಂದ, ಈ ಪತ್ರವನ್ನು ಕಂಡರಿಯದ ನೌಕರನು ಬೆಂಗಳೂರಿನಲ್ಲೇ ಪ್ರಯಾಣಿಕನನ್ನು ತಡೆಯುವ ಸಂಭವವೂ ಉಂಟು.

ಗುರುತನ್ನು ಪರೀಕ್ಷಿಸುವ ವಿದ್ಯೆಯು ಹಿಂದುಳಿದಿದೆಯೆ? ಇಲ್ಲ. ಪಾಸ್‌ಪೋರ್ಟಿನ ಕೆಳಭಾಗದಲ್ಲಿ ಯಂತ್ರವು ಓದತಕ್ಕ ಸಾಲುಗಳಿವೆ. ಅವುಗಳಲ್ಲಿನ ಅಂಕಿಗಳನ್ನು ಕ್ರಮವಾಗಿ 7, 3, 1ರಿಂದ ಗುಣಿಸಿ ಕೂಡಿ, ಮೊತ್ತವನ್ನು 10ರಿಂದ ಭಾಗಿಸಿದಾಗ ಉಳಿಯುವ ಶೇಷವೇ ತಾಳೆಯ ಅಂಕಿ. 352 ಎಂಬ ಸಂಖ್ಯೆಗೆ ಮೊತ್ತ 38, ತಾಳೆಯ ಅಂಕಿ 8. ಯಾರಾದರೂ ಅದನ್ನು 532 ಎಂದು ತಪ್ಪಿ ಬರೆದರೆ ಮೊತ್ತ 46 ಆಗಿ, ಅಂಕಿಯು 6ಕ್ಕೆ ತಿರುಗಿ ತಪ್ಪು ಬಯಲಾಗುತ್ತದೆ. ಇದಕ್ಕೆ ಬೆರಳಚ್ಚು ಹಾಗೂ ಮುಖಚಿತ್ರಗಳನ್ನು ಅಡಗಿಸಿದ ಬಿಲ್ಲೆಯೂ ಸೇರಿದೆ. ಜರ್ಮನಿಯು 2011ರಿಂದ ವಾಸದ ಪರವಾನಗಿಯನ್ನು ಅಂತಹ ಬಿಲ್ಲೆಯುಳ್ಳ ಕಾರ್ಡಿನ ರೂಪದಲ್ಲಿಯೇ ಕೊಡುತ್ತಿದೆ. ಯಂತ್ರವು ಕ್ಷಣಗಳಲ್ಲಿ ಮಾಡುವ ಕೆಲಸ ಇದು. ವಿಳಂಬವಾಗುವುದು ಕಚೇರಿಯ ಮೇಜಿನ ಮೇಲೆ.

ಪ್ರತಿಯೊಂದು ರಾಷ್ಟ್ರಕ್ಕೂ ತನ್ನ ಗಡಿಯನ್ನು ಕಾಯುವ ಅಧಿಕಾರವಿದೆ. ಅರ್ಜಿ ಹಾಕಿದ ಮಾತ್ರಕ್ಕೆ ಎಲ್ಲರನ್ನೂ ಒಪ್ಪಿಕೊಳ್ಳಬೇಕೆಂದು ಯಾರೂ ಹೇಳಲಾರರು. ಆದರೆ ಇಲ್ಲಿನ ಅರ್ಜಿದಾರನು ವೀಸಾ ಕೊಡುವಾಗಲೇ ಪರೀಕ್ಷೆಗೆ ಒಳಗಾದವನು. ಸಕಾಲದಲ್ಲಿ ಅರ್ಜಿ ಸಲ್ಲಿಸಿ ತನ್ನ ಕರ್ತವ್ಯವನ್ನು ಮುಗಿಸಿದವನು. ಕಚೇರಿಯ ವಿಳಂಬದ ಭಾರವನ್ನು ಅವನ ಮೇಲೆ ಹೊರಿಸುವುದು ನ್ಯಾಯವಲ್ಲ. 4ನೆಯ ಉಪಕಲಮಿನ ತತ್ತ್ವವು ಸರಿಯಾದುದು. ಅದನ್ನು ಷೆಂಗೆನ್ ರಾಷ್ಟ್ರಗಳೆಲ್ಲವೂ ಒಪ್ಪಿ, ಎಲ್ಲೆಡೆಯ ಯಂತ್ರಗಳೂ ಓದಬಲ್ಲ ಏಕರೂಪದ ಪತ್ರವೊಂದನ್ನು ಅರ್ಜಿ ಸಲ್ಲಿಸಿದ ದಿನವೇ ಕೊಡತಕ್ಕದ್ದೆಂಬುದು ನಮ್ಮ ಅಭಿಪ್ರಾಯ.

ಅಲ್ಲಿಯವರೆಗೆ ವಿದೇಶಕ್ಕೆ ಹೋಗಲಿರುವ ತರುಣ ತರುಣಿಯರು ಎಚ್ಚರದಿಂದಿರುವುದು ಲೇಸು. ವೀಸಾ ತೀರುವ ಮುನ್ನವೇ ಅರ್ಜಿ ಸಲ್ಲಿಸಿರಿ. ಪತ್ರದಲ್ಲಿ ಯಾವ ಉಪಕಲಮಿಗೆ ಗುರುತು ಹಾಕಿದೆಯೆಂಬುದನ್ನು ಟಿಕೀಟು ಕೊಳ್ಳುವುದಕ್ಕೆ ಮೊದಲೇ ಓದಿಕೊಳ್ಳಿರಿ. ಪಾಸ್‌ಪೋರ್ಟು, ಅವಧಿ ಮುಗಿದ ವೀಸಾ ಹಾಗೂ ಈ ಪತ್ರ, ಮೂರನ್ನೂ ಜೊತೆಯಲ್ಲಿ ಒಯ್ಯಿರಿ. ಮರಳುವಾಗ ಸಾಧ್ಯವಾದಷ್ಟೂ ನೇರವಾಗಿ ಜರ್ಮನಿಯಲ್ಲಿಯೇ ಇಳಿಯುವ ವಿಮಾನವನ್ನು ಆರಿಸಿಕೊಳ್ಳಿರಿ. ಸಂದೇಹವಿದ್ದಲ್ಲಿ ವಿದೇಶೀಯರ ಕಚೇರಿಯಿಂದ ಬರವಣಿಗೆಯಲ್ಲಿ ಉತ್ತರ ಪಡೆದ ಬಳಿಕವೇ ಹೊರಡುವುದು ಉಚಿತ.