‘ಏನೂ ಇಲ್ಲರೀ, ಮನ್ಯಾಗ ಇರ್ತೀನಿ’

2023ರ ಡಿಸೆಂಬರಿನಲ್ಲಿ ಧಾರವಾಡದಲ್ಲಿ ನಮ್ಮ ಬಿ.ಎ. ತರಗತಿಯವರೆಲ್ಲ ಮತ್ತೆ ಕೂಡಿದೆವು. 1990ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಪದವಿ ಪಡೆದು ಹೊರಬಿದ್ದವರು ನಾವು. ಮೂವತ್ಮೂರು ವರ್ಷಗಳ ನಂತರ ಒಬ್ಬರ ಮುಖ ಒಬ್ಬರು ನೋಡಿ, ಹಳೆಯ ಗುರುಗಳಿಗೆ ಶಾಲು ಹೊದಿಸಿ, ಗಿರಮಿಟ್ಟು ಮಿರ್ಚಿ ತಿಂದು ನಗಾಡಿದ್ದಾಯಿತು. ಆಮೇಲೆ ಪರಿಚಯದ ಕಾರ್ಯಕ್ರಮ. ಒಬ್ಬೊಬ್ಬರೇ ಎದ್ದು ಬಂದು ಮೈಕಿನ ಮುಂದೆ ನಿಂತು, ಡಿಗ್ರಿ ಮುಗಿದ ಮೇಲೆ ಏನೇನು ಮಾಡಿದೆವೆಂದು ಹೇಳಬೇಕು.

ಗಂಡಸರು ಹೇಳಿದರು. ಒಬ್ಬರು ಬ್ಯಾಂಕಿನಲ್ಲಿ ಮ್ಯಾನೇಜರು, ಒಬ್ಬರು ವಕೀಲರು, ಒಬ್ಬರು ತಹಶೀಲ್ದಾರರು. ಒಬ್ಬರು ಬೀಜ ಗೊಬ್ಬರದ ಅಂಗಡಿ ಇಟ್ಟು ಲುಕ್ಸಾನಾಗಿ ಮುಚ್ಚಿದ್ದನ್ನೂ ಸ್ವಾರಸ್ಯವಾಗಿ ಹೇಳಿ ಚಪ್ಪಾಳೆ ಗಿಟ್ಟಿಸಿದರು. ಇನ್ನೊಬ್ಬರು ಮೀಸೆ ತಿರುವಿ ‘ನಾ ಹೊಲಾ ಮಾಡ್ತೀನಿ’ ಎಂದರು. ಯಾರೂ ಅವರಿಗೆ ‘ಹೊಲ ಮಾಡ್ಲಿಕ್ಕೆ ಬಿ.ಎ. ಯಾಕ ಬೇಕಿತ್ತು?’ ಎಂದು ಕೇಳಲಿಲ್ಲ. ಕೇಳಲೂಬಾರದು.

ನಂತರ ಹೆಂಗಸರ ಸರದಿ. ನಮ್ಮ ಕ್ಲಾಸಿನಲ್ಲಿ ಇದ್ದ ಇಪ್ಪತ್ನಾಲ್ಕು ಹುಡುಗಿಯರಲ್ಲಿ ಅಂದು ಬಂದವರು ಹದಿನಾಲ್ಕು ಜನ. ಆ ಹದಿನಾಲ್ಕರಲ್ಲಿ ಒಂಬತ್ತು ಜನ ಮೈಕು ಹಿಡಿದು ಒಂದೇ ಮಾತು ಆಡಿದರು: ‘ನಂದೇನೂ ಇಲ್ಲರೀ, ಮನ್ಯಾಗ ಇರ್ತೀನಿ.’ ಅದರ ಹಿಂದೆಯೇ, ಸಾಲ ತೀರಿಸುವವರ ಹಾಗೆ ಗಡಿಬಿಡಿಯಿಂದ, ‘ನಮ್ಮನಿಯವರು ಎಂಜಿನಿಯರು, ಮಗ ಅಮೆರಿಕಾದಾಗ ಇದ್ದಾನ’ ಎಂದು ಹೇಳಿ ಕೂತುಬಿಟ್ಟರು. ಲುಕ್ಸಾನಾದ ಅಂಗಡಿಯ ಕಥೆಗೆ ಹತ್ತು ನಿಮಿಷ ಸಿಕ್ಕಿತು. ಒಂಬತ್ತು ಹೆಂಗಸರ ಮೂವತ್ಮೂರು ವರ್ಷಗಳಿಗೆ ಒಟ್ಟು ಮೂರು ನಿಮಿಷವೂ ಹಿಡಿಯಲಿಲ್ಲ.

ಆ ಒಂಬತ್ತು ಜನರಲ್ಲಿ ಒಬ್ಬಳು ಅರ್ಥಶಾಸ್ತ್ರದಲ್ಲಿ ನಮಗೆಲ್ಲ ಮೇಲಿನವಳು. ಪರೀಕ್ಷೆಯ ಹಿಂದಿನ ರಾತ್ರಿ ಹಾಸ್ಟೆಲಿನ ಜಮಖಾನೆಯ ಮೇಲೆ ನಮ್ಮನ್ನು ಕೂರಿಸಿಕೊಂಡು ರಾಷ್ಟ್ರೀಯ ವರಮಾನದ ಪಾಠ ಹೇಳಿದವಳು. ಪಿಗೂ ಎಂಬ ಅರ್ಥಶಾಸ್ತ್ರಜ್ಞ ಕೊಟ್ಟ ಉದಾಹರಣೆಯನ್ನು ಅವಳು ಹೇಳಿದ್ದು ಇನ್ನೂ ನನ್ನ ಕಿವಿಯಲ್ಲಿದೆ: ಒಬ್ಬ ಗಂಡಸು ಸಂಬಳ ಕೊಟ್ಟು ಇಟ್ಟುಕೊಂಡ ಮನೆಗೆಲಸದವಳನ್ನೇ ಮದುವೆಯಾದರೆ ದೇಶದ ವರಮಾನ ಅಷ್ಟು ಕಡಿಮೆಯಾಗುತ್ತದೆ. ಕೆಲಸ ಅದೇ, ಕೈಯೂ ಅದೇ. ಸಂಬಳ ನಿಂತಿತು, ಲೆಕ್ಕದಿಂದ ಹೋಯಿತು! ಆ ರಾತ್ರಿ ನಾವು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆವು. ಆ ನಗೆಚಾಟಿಕೆ ನಮ್ಮದೇ ಭವಿಷ್ಯವೆಂದು ಯಾರಿಗೆ ಗೊತ್ತಿತ್ತು? ಅದನ್ನು ಕಲಿಸಿದವಳೇ ಮೂವತ್ಮೂರು ವರ್ಷದ ಮೇಲೆ ಎದ್ದು ನಿಂತು ‘ನಂದೇನೂ ಇಲ್ಲ’ ಎಂದಳು.

ಈ ‘ಏನೂ ಇಲ್ಲ’ ಎಂಬುದರ ಮೇಲೆ ನನ್ನ ಜಗಳ.

ಇದಕ್ಕೆ ಸಮಾಜ ಎರಡು ಉತ್ತರಗಳನ್ನು ಇಟ್ಟುಕೊಂಡಿದೆ. ಮೊದಲನೆಯದು, ‘ಅಯ್ಯೋ, ಡಿಗ್ರಿ ದಂಡ ಆಯ್ತು, ಆ ಸೀಟು ಒಬ್ಬ ಗಂಡುಹುಡುಗನಿಗೆ ಸಿಕ್ಕಿದ್ದರೆ ಒಂದು ಸಂಸಾರ ನಡೀತಿತ್ತು.’ ಎರಡನೆಯದು ಸಕ್ಕರೆ ಲೇಪಿಸಿದ್ದು: ‘ಮನೆ ನಡೆಸುವುದಕ್ಕಿಂತ ದೊಡ್ಡ ಉದ್ಯೋಗ ಯಾವುದು? ತಾಯಿಯೇ ಮೊದಲ ಗುರು.’ ಈ ಎರಡನೆಯ ಮಾತನ್ನು ಮಹಿಳಾ ದಿನಾಚರಣೆಯ ಭಾಷಣಗಳಲ್ಲಿ ಕೇಳಿ ಕೇಳಿ ನನಗೆ ಸಾಕಾಗಿದೆ. ಅಷ್ಟು ದೊಡ್ಡ ಉದ್ಯೋಗವಾಗಿದ್ದರೆ ಭಾಷಣ ಮಾಡುವ ಮಹನೀಯರು ಒಂದು ವರ್ಷವಾದರೂ ಅದನ್ನು ಮಾಡಿ ತೋರಿಸಲಿ!

ಎರಡೂ ಉತ್ತರಗಳು ಸುಳ್ಳು. ಅವಳ ಡಿಗ್ರಿ ದಂಡವಾಗಲಿಲ್ಲ, ಅದನ್ನು ಬೇರೆ ಬೆಲೆಗೆ ಮಾರಲಾಯಿತು. ಮದುವೆಯ ಪೇಟೆಯಲ್ಲಿ ‘ಹುಡುಗಿ ಬಿ.ಎ. ಆಗ್ಯಾಳ’ ಎಂಬ ಒಂದು ಸಾಲಿಗಾಗಿ ಅವಳನ್ನು ಓದಿಸಿದರು. ಕಡೆಯ ವರ್ಷದ ಫಲಿತಾಂಶ ಬರುವ ಮೊದಲೇ ನಿಶ್ಚಯ, ಮಾರ್ಕ್ಸ್‌ಕಾರ್ಡು ಕೈಗೆ ಬರುವಷ್ಟರಲ್ಲಿ ಅಕ್ಕಿಕಾಳು. ನನ್ನ ಆ ಗೆಳತಿ ಎಂ.ಎ.ಗೆ ಅರ್ಜಿ ತುಂಬಿದ್ದಳು. ‘ಮದುವಿ ಆದಮ್ಯಾಲೆ ಓದು’ ಎಂದರು ತವರಿನವರು. ‘ಒಂದು ಕೂಸು ಆಗಲಿ’ ಎಂದರು ಅತ್ತೆ. ‘ನನಗ ವರ್ಗ ಆಗತೈತಿ, ಅಲ್ಲಿ ನೋಡೋಣು’ ಎಂದರು ಗಂಡ. ಮಕ್ಕಳು ಹೈಸ್ಕೂಲಿಗೆ ಬಂದು ಅವಳ ಕೈ ತೆರವಾಗುವಷ್ಟರಲ್ಲಿ ನೌಕರಿಯ ವಯಸ್ಸಿನ ಮಿತಿ ದಾಟಿತ್ತು. ಇದರಲ್ಲಿ ಯಾರೂ ಕೆಟ್ಟವರಲ್ಲ. ಎಲ್ಲರೂ ಒಳ್ಳೆಯವರೇ, ಎಲ್ಲರೂ ಸ್ವಲ್ಪ ಸ್ವಲ್ಪ ಮುಂದೂಡಿದವರು. ಇದನ್ನು ಈಗ ‘ಅವಳೇ ಮನೆ ಆರಿಸಿಕೊಂಡಳು’ ಎನ್ನುತ್ತಾರೆ. ಒಂದೇ ಬಾಗಿಲು ತೆರೆದಿಟ್ಟು, ನೀನೇ ಈ ಬಾಗಿಲಿನಿಂದ ಬಂದೆ ಎಂದರೆ ಏನು ಹೇಳಬೇಕು?

‘ನೀವು ನೌಕರಿ ಮಾಡಿದಿರಲ್ಲ?’ ಎಂದು ನೀವು ಕೇಳಬಹುದು. ಹೌದು, ಬಿ.ಎಡ್. ಮಾಡಿದೆ, ಮೇಷ್ಟ್ರಾದೆ. ಆದರೆ ಅದು ನನ್ನ ಸಾಹಸವೆಂದು ಹೇಳಿಕೊಂಡರೆ ನಾಲಿಗೆಗೆ ಹುಳ ಬೀಳುತ್ತದೆ. ನಾನು ಹೋದ ಮನೆಯಲ್ಲಿ ಇಬ್ಬರು ನಾದಿನಿಯರ ಮದುವೆ ಬಾಕಿ ಇತ್ತು, ಒಂದು ಸಂಬಳ ಸಾಲುತ್ತಿರಲಿಲ್ಲ. ಆದ್ದರಿಂದ ನನ್ನನ್ನು ಕೆಲಸಕ್ಕೆ ಕಳಿಸಿದರು. ಹನ್ನೊಂದು ವರ್ಷ ನನ್ನ ಸಂಬಳವನ್ನು ಮಾವನವರ ಕೈಗೆ ಕೊಟ್ಟು, ಬಸ್ ಚಾರ್ಜು ಇಸಿದುಕೊಂಡು ಶಾಲೆಗೆ ಹೋದೆ. ನನ್ನ ಗೆಳತಿಯ ಮನೆಯಲ್ಲಿ ಹಣವಿತ್ತು, ಆದ್ದರಿಂದ ಅವಳು ಒಳಗೆ. ನಮ್ಮಲ್ಲಿ ಇರಲಿಲ್ಲ, ಆದ್ದರಿಂದ ನಾನು ಹೊರಗೆ. ಅವಳ ಬುದ್ಧಿಯನ್ನೂ ಯಾರೂ ಕೇಳಲಿಲ್ಲ, ನನ್ನದನ್ನೂ ಕೇಳಲಿಲ್ಲ.

ಸರ್ಕಾರದ ಪುಸ್ತಕಗಳಲ್ಲಿ ನಮ್ಮ ಕಥೆ ಹೇಗಿದೆ ನೋಡಿ. 2001ರ ಜನಗಣತಿ ಮನೆಗೆಲಸ ಮಾಡುವ ಹೆಂಗಸರನ್ನು ಭಿಕ್ಷುಕರು, ವೇಶ್ಯೆಯರು, ಕೈದಿಗಳ ಸಾಲಿನಲ್ಲಿ, ದುಡಿಯದವರೆಂದು ಸೇರಿಸಿತ್ತು. 2010ರಲ್ಲಿ ಸುಪ್ರೀಂ ಕೋರ್ಟು ಒಂದು ತೀರ್ಪಿನಲ್ಲಿ ಇದನ್ನು ಖಂಡಿಸಿತು. 2021ರ ಜನವರಿಯಲ್ಲಿ ಅದೇ ಕೋರ್ಟು, ಗೃಹಿಣಿ ಅಪಘಾತದಲ್ಲಿ ತೀರಿಕೊಂಡರೆ ಆಕೆಯ ದುಡಿಮೆಗೂ ಬೆಲೆ ಕಟ್ಟಿ ಪರಿಹಾರ ಕೊಡಬೇಕೆಂದು ಮತ್ತೆ ಒತ್ತಿ ಹೇಳಿತು. ಒಳ್ಳೆಯ ತೀರ್ಪೇ. ಆದರೆ ನಮ್ಮ ದುಡಿಮೆಗೆ ಬೆಲೆ ಬರಲು ನಾವು ಲಾರಿಯ ಕೆಳಗೆ ಬೀಳಬೇಕೇ? ಬದುಕಿರುವಾಗ ‘ಏನೂ ಇಲ್ಲ’, ಸತ್ತ ಮೇಲೆ ಲಕ್ಷದ ಲೆಕ್ಕ!

2019ರಲ್ಲಿ ಕೇಂದ್ರ ಸರ್ಕಾರ ದೇಶದ ಜನ ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆಂದು ಸಮೀಕ್ಷೆ ಮಾಡಿತು. ಮನೆಗೆಲಸಕ್ಕೆ ಕೈಹಾಕುವ ಹೆಂಗಸು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾಳೆ, ಗಂಡಸು 97 ನಿಮಿಷ. ಅದೂ ಕೈಹಾಕುವ ಗಂಡಸರು 100ಕ್ಕೆ 26 ಜನ ಮಾತ್ರ. ಇನ್ನು ಓದಿನ ಲೆಕ್ಕ: 2021-22ರಲ್ಲಿ ದೇಶದಲ್ಲಿ ಉನ್ನತ ಶಿಕ್ಷಣಕ್ಕೆ ಸೇರಿದ್ದ 4.33 ಕೋಟಿ ವಿದ್ಯಾರ್ಥಿಗಳಲ್ಲಿ 2.07 ಕೋಟಿ ಹುಡುಗಿಯರು. ಹತ್ತಿರ ಹತ್ತಿರ ಅರ್ಧಕ್ಕರ್ಧ. 1991ರ ಜನಗಣತಿಯಲ್ಲಿ ಕರ್ನಾಟಕದ 100 ಹೆಂಗಸರಲ್ಲಿ ಅಕ್ಷರ ಬಲ್ಲವರೇ 44 ಜನ ಇದ್ದರು. ಅಲ್ಲಿಂದ ನಾವು ಇಷ್ಟು ದೂರ ಬಂದಿದ್ದೇವೆ. ಕಾಲೇಜಿನ ಬಾಗಿಲು ತೆರೆಯಿತು, ಅಡಿಗೆಮನೆಯ ಪಾಳಿ ಬದಲಾಗಲಿಲ್ಲ. ಹಾಗಿದ್ದ ಮೇಲೆ ಈ 2.07 ಕೋಟಿ ಹುಡುಗಿಯರು ಮೂವತ್ತು ವರ್ಷದ ಮೇಲೆ ಮೈಕಿನ ಮುಂದೆ ಏನು ಹೇಳುತ್ತಾರೆ?

ಹೋದ ವರ್ಷ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ತಾಯಿ ಲಗ್ನಪತ್ರಿಕೆ ಕೊಡಲು ಬಂದಿದ್ದರು. ಹುಡುಗಿ ಗಣಿತದಲ್ಲಿ ನೂರಕ್ಕೆ ನೂರು ತೆಗೆದವಳು, ಬಿ.ಎಸ್ಸಿ. ಕಡೆಯ ವರ್ಷ. ‘ಪರೀಕ್ಷಾ ಬರೀಲಿ, ಮುಂದ ಎಂ.ಎಸ್ಸಿ. ಮಾಡಲಿ, ಯಾಕ ಇಷ್ಟು ಅವಸರ ಮಾಡ್ತೀರವಾ?’ ಎಂದೆ. ಆಕೆ ನಕ್ಕು ಹೇಳಿದರು: ‘ಪರೀಕ್ಷಾ ಬರಸ್ತೀವ್ರೀ ಟೀಚರ. ಈಗ ಬರೇ ಪಿಯುಸಿ ಅಂದ್ರ ಯಾರು ಕೇಳ್ತಾರ?’ ನಮ್ಮ ಕಾಲಕ್ಕೂ ಇಂದಿಗೂ ಇಷ್ಟೇ ವ್ಯತ್ಯಾಸ. ಪೇಟೆಯಲ್ಲಿ ದರ ಏರಿದೆ, ಸರಕು ಅದೇ.

ಆ ತಾಯಿಯನ್ನು ಬೈದುಕೊಂಡು ನಾನು ದೊಡ್ಡವಳಾಗಲಾರೆ. ಯಾಕೆಂದರೆ ನನ್ನ ಮಗಳ ಕಥೆ ಇದೆ. ಕಂಪ್ಯೂಟರ್ ಎಂಜಿನಿಯರಿಂಗ್ ಓದಿ ಬೆಂಗಳೂರಿನ ಒಂದು ಕಂಪನಿಯಲ್ಲಿ ನನ್ನ ಸಂಬಳಕ್ಕಿಂತ ಹೆಚ್ಚು ಸಂಬಳಕ್ಕೆ ಸೇರಿದಳು. 2021ರಲ್ಲಿ ಕೂಸು ಹುಟ್ಟಿತು. 2017ರಲ್ಲಿ ತಿದ್ದಿದ ಕಾನೂನಿನಂತೆ 26 ವಾರ ಹೆರಿಗೆ ರಜೆ ಸಿಕ್ಕಿತು. 50 ಜನರಿಗಿಂತ ಕಡಿಮೆಯಿಲ್ಲದ ಕಡೆ ಕೂಸಿನ ಮನೆ ಇರಬೇಕೆಂದು ಅದೇ ಕಾನೂನು ಹೇಳಿತ್ತು; ಅವಳ ಕಂಪನಿಯಲ್ಲಿ ಅದು ಕಾಗದದ ಮೇಲೆ ಮಾತ್ರ ಇತ್ತು. ರಜೆ ಮುಗಿಯುವ ಹೊತ್ತಿಗೆ ಅವಳು ಫೋನಿನಲ್ಲಿ ಅತ್ತಾಗ ನಾನು ಏನು ಹೇಳಿದೆ ಗೊತ್ತೇ? ‘ಎರಡು ವರ್ಷ ಬಿಡವಾ. ನೌಕರಿ ಎಲ್ಲಿ ಓಡಿ ಹೋಗತೈತಿ? ಕೂಸು ಮತ್ತ ಸಣ್ಣದಾಗತೈತೇನು?’ ಎಂದೆ. ಅಳಿಯನಿಗೆ ಈ ಮಾತು ಹೇಳಬೇಕೆಂದು ನನಗೆ ಹೊಳೆಯಲೇ ಇಲ್ಲ. ಕೂಸು ಅವನದ್ದೂ ಹೌದಲ್ಲವೇ? ಮೂವತ್ತು ವರ್ಷ ಹೆಣ್ಣುಮಕ್ಕಳಿಗೆ ‘ಓದ್ರಿ, ನಿಮ್ಮ ಕಾಲ ಮ್ಯಾಲೆ ನಿಲ್ರಿ’ ಎಂದು ಪಾಠ ಮಾಡಿದ ಬಾಯಿ ಇದು.

2024ರಲ್ಲಿ ಅವಳು ಮತ್ತೆ ಸಂದರ್ಶನಕ್ಕೆ ಹೋದಳು. ‘ಈ ಮೂರು ವರ್ಷ ಏನು ಮಾಡಿದಿರಿ?’ ಎಂದು ಕೇಳಿದರಂತೆ. ‘ಏನು ಹೇಳಿದಿ?’ ಎಂದೆ. ‘ಏನೂ ಇಲ್ಲ, ಮನ್ಯಾಗ ಇದ್ದೆ ಅಂದೆ’ ಎಂದಳು. ಧಾರವಾಡದ ಆ ಮೈಕು ನನ್ನ ಮನೆಯೊಳಗೇ ಬಂದು ನಿಂತಿತ್ತು.

ತಾಯಂದಿರೇ, ನಿಮ್ಮನ್ನು ಕೈಮುಗಿದು ಕೇಳುತ್ತೇನೆ. ಮಗಳ ಫಲಿತಾಂಶ ಬಂದು, ಅವಳ ಮುಂದಿನ ದಾರಿ ಅವಳೇ ಹೇಳುವ ತನಕ ಗಂಡು ನೋಡಬೇಡಿ. ನೋಡಲು ಬಂದವರು ‘ನೌಕರಿ ಮಾಡ್ಲಿಕ್ಕೆ ನಮ್ಮದೇನೂ ಅಡ್ಡಿ ಇಲ್ಲ’ ಎಂದರೆ ಅಷ್ಟಕ್ಕೇ ಸಂತೋಷಪಡಬೇಡಿ. ಅವಳು ನೌಕರಿಗೆ ಹೋದರೆ ಮುಂಜಾನೆ ರೊಟ್ಟಿ ಯಾರು ಬಡಿಯುತ್ತಾರೆ, ಕೂಸು ಯಾರು ನೋಡುತ್ತಾರೆ ಎಂದು ಹುಡುಗನನ್ನೇ ಕೇಳಿ. ಅವಳ ಸಂಬಳ ಅವಳ ಹೆಸರಿನ ಖಾತೆಯಲ್ಲೇ ಇರಲಿ. ಗಂಡುಮಗನಿದ್ದರೆ ಅವನಿಗೆ ಒಲೆ ಹಚ್ಚುವುದನ್ನು ಇಂದೇ ಕಲಿಸಿ. ಈಗಾಗಲೇ ಮನೆಯಲ್ಲಿರುವ ಅಕ್ಕ-ತಂಗಿಯರೇ, ನಿಮಗೆ ಒಂದೇ ಮಾತು. ಇನ್ನೊಮ್ಮೆ ಯಾರಾದರೂ ಕೇಳಿದಾಗ ‘ಏನೂ ಇಲ್ಲ’ ಎನ್ನಬೇಡಿ. ‘ನಾನು ಇಂಥ ವಿಷಯ ಓದಿದೆ, ಇಂಥದ್ದು ಮಾಡಬೇಕೆಂದಿದ್ದೆ, ಅದು ಈ ಕಾರಣಕ್ಕೆ ಆಗಲಿಲ್ಲ, ಮೂವತ್ತು ವರ್ಷ ಈ ಕೆಲಸ ಮಾಡಿದೆ’ ಎಂದು ಪೂರ್ತಿ ಹೇಳಿ. ಹತ್ತು ನಿಮಿಷ ಹಿಡಿಯಲಿ, ಕೇಳುವವರು ಕೂತು ಕೇಳಲಿ.

ನನ್ನ ಮಗಳಿಗೆ ಆ ಕೆಲಸ ಸಿಗಲಿಲ್ಲ. ಅವಳು ಮತ್ತೆ ಅರ್ಜಿ ಹಾಕುತ್ತಿದ್ದಾಳೆ. ಬೇಸಿಗೆ ರಜೆ ಬಂದ ಕೂಡಲೇ ನಾನು ಬೆಂಗಳೂರಿಗೆ ಹೋಗುತ್ತೇನೆ. ಮೊಮ್ಮಗುವನ್ನು ನೋಡಿಕೊಳ್ಳುವುದಕ್ಕಷ್ಟೇ ಅಲ್ಲ, ಅಳಿಯನ ಹತ್ತಿರ ಆಡದೇ ಬಿಟ್ಟ ಆ ಮಾತನ್ನು ಆಡಿ ಬರಲಿಕ್ಕೆ.